ಹೆತ್ತೂರು ಬಸ್ಸಿಗೆ ಕೊಟ್ಟ ಡಬ್ಬ

ಆಲೂರು
12-8-1999

ಪಂಕಜಾಕ್ಷಮ್ಮನವರಿಗೆ, ನಿಮ್ಮ ಮಗ ದಯಾನಂದನ ಜೊತೆ ರೂಮಿನಲ್ಲಿರೋ ಮಲ್ಲೇಶನ ನಮಸ್ಕಾರಗಳು.

ನಿಮ್ಮ ಯಜಮಾನರಿಗೆ ಜಾಮೀನು ಸಿಕ್ತು ಅಂತ ನಿಮ್ಮೂರ ಬಸ್ಸಿನ ಕಂಡಕ್ಟರ್ ಹೇಳಿದರು. ದಯಾನಂದ ಮೂರು ದಿನದಿಂದ ಊಟ ಬಿಟ್ಟು ಕೂತವ್ನೆ. ಮನೆ ಮೆಟ್ಟಿಲು ಹತ್ತಬೇಡ ಅಂದಿರಂತೆ.

ಅಮ್ಮಾ, ಗಾಂಜಾ ಅವನದೇ. ಆದರೆ ಅದನ್ನ ನಿಮ್ಮ ಚಟ್ನಿಪುಡಿ ಡಬ್ಬಕ್ಕೆ ತುಂಬಿ ಹೆತ್ತೂರು ಬಸ್ಸಿಗೆ ಕೊಟ್ಟೋನು ನಾನು. ನಾನು ಕಳಿಸಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಆರು ತಿಂಗಳಿಂದ ರೂಮಲ್ಲಿ ಇಟ್ಕಂಡಿದ್ದ, ಎಷ್ಟು ಹೇಳಿದ್ರೂ ಕೇಳಲಿಲ್ಲ. ನಿಮಗೆ ಬಾಯಿಬಿಟ್ಟು ಹೇಳೋ ಧೈರ್ಯ ನನಗಿರಲಿಲ್ಲ. ಡಬ್ಬ ತೆಗೆದು ನೋಡಿ ನೀವೇ ಅವನಿಗೆ ಬೈತೀರಿ ಅಂದ್ಕಂಡೆ. ಬಸ್ ಸ್ಟಾಪಿನಲ್ಲೇ ಪೊಲೀಸರು ಯಜಮಾನರ ಕೈಯಿಂದ ಡಬ್ಬ ತೆಗೆಸಿ ನೋಡ್ತಾರೆ ಅಂತ ಹೊಳೀಲೇ ಇಲ್ಲ.

ನಾಳೆ ಸ್ಟೇಷನ್ನಿಗೆ ಹೋಗಿ ಹೇಳಿಬಿಡ್ತೀನಿ. ಇವತ್ತು ಗೇಟಿನ ತನಕ ಹೋಗಿ ವಾಪಸ್ ಬಂದೆ. ದಯಾನಂದ ಬಂದರೆ ಒಳಗೆ ಕರೀರಿ.

ನಿಮ್ಮ ಇನ್ನೊಂದು ಡಬ್ಬ ಇಲ್ಲೇ ಉಳಿದಿತ್ತು. ತೊಳೆದು ಇವತ್ತಿನ ಬಸ್ಸಿಗೆ ಕೊಡ್ತಿದೀನಿ. ಬರಿ ಡಬ್ಬ ವಾಪಸ್ ಕಳಿಸಬಾರದು ಅಂತ ನೀವು ಯಾವಾಗಲೂ ಹೇಳೋರು. ಏನು ಹಾಕೋಕೂ ಕೈ ಬರಲಿಲ್ಲ. ಅದಕ್ಕೇ ಈ ಕಾಗದ ಮಡಚಿ ಹಾಕಿದೀನಿ.

ಇಂತಿ,
ಮಲ್ಲೇಶ