ಚಹಾ ಬಣ್ಣದ ಗಾಜು

ಮೇ 3, ಬೆಳಗಿನ ಜಾವ 2:40

ಟಪ್. ಟಪ್. ಎದ್ದು ಕೂತೆ. ವಿನ್ನಿಯ ಉಸಿರು ಸಿಕ್ಕಿಕೊಂಡಿತೇನೋ ಎಂದು ಎದೆ ಹಾರಿತು. ಅಲ್ಲ — ಬಚ್ಚಲಲ್ಲಿ ಒಣಹಾಕಿದ ಫಿಲ್ಮ್ ಟಬ್ಬಿಗೆ ತೊಟ್ಟಿಕ್ಕುತ್ತಿತ್ತು. ಆದರೂ ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡಿದೆ. ಹುಟ್ಟಿ ಐದು ತಿಂಗಳು, ರಾತ್ರಿಗೆ ಹತ್ತು ಸಲ ನೋಡುತ್ತೇನೆ. ಗಂಡ ಕರ್ಟ್‌ಗೆ ಈ ತಿಂಗಳೂ ರಾತ್ರಿ ಪಾಳಿ.

ನಿದ್ದೆ ಹೋಯಿತು. ಫಿಲ್ಮನ್ನು ದೀಪಕ್ಕೆ ಹಿಡಿದೆ. ಎರಡು ಬೀದಿಯಾಚೆಯ ಮಿಸೆಸ್ ಪೆಟ್ರಿಲ್ಲೊ ಕೊಟ್ಟ ಕ್ಯಾಮೆರಾ ಲೆನ್ಸಿನಿಂದ ತೆಗೆದದ್ದು. ಲೆನ್ಸು ಐವತ್ತು ವರ್ಷದ್ದು, ಗಾಜು ಕಡಕ್ ಚಹಾದ ಬಣ್ಣ. ಬಿಸಿಲಿಗಿಡು, ಹಳದಿ ಇಳಿಯುತ್ತದೆ ಅಂದಿದ್ದರು. ಒಂದು ತಿಂಗಳಿಂದ ತೊಟ್ಟಿಲ ಪಕ್ಕದ ಕಿಟಕಿಯಲ್ಲಿದೆ. ಇಳಿಯುವವರೆಗೆ ತಡೆಯಲಾಗದೆ ಒಂದು ರೋಲ್ ಫೋಟೊ ತೆಗೆದುಬಿಟ್ಟೆ. ನೆಗೆಟಿವ್‌ನಲ್ಲೇ ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದು... ಬಿಡುವಾದಾಗ ಪ್ರಿಂಟ್.

ಮೇ 9

ಹಾಲು ಕುಡಿಸುತ್ತಾ ಫೋನಿನಲ್ಲಿ ಓದಿದೆ. ಆ ಗಾಜಿನಲ್ಲಿ ಥೋರಿಯಂ ಇದೆ. ಹಳದಿಯಾಗುವುದೇ ಅದರ ವಿಕಿರಣದಿಂದ. ಒಂದು ತಿಂಗಳು — ತೊಟ್ಟಿಲ ಪಕ್ಕ.

ಏಳು ಗಂಟೆಗೇ ಎರಡು ಬೀದಿ ದಾಟಿ ಹೋಗಿ, ಅವರ ಅಡುಗೆಮನೆ ಮೇಜಿನ ಮೇಲೆ ಲೆನ್ಸ್ ಕುಕ್ಕಿದೆ. ನನ್ನ ಮಗು ಸಾಯಲಿ ಅಂತಲೇ ಕೊಟ್ಟಿರಾ ಎಂದೆ. ಎಂಬತ್ತೊಂದು ವರ್ಷದ ಮುದುಕಿ, ಲೆನ್ಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗಾಜು ಉಜ್ಜಿದವರು. ಸಿಟ್ಟಾಗಲಿಲ್ಲ. ತೊಟ್ಟಿಲು ಎಷ್ಟು ದೂರವಿತ್ತು ಎಂದು ಮಾತ್ರ ಕೇಳಿದರು. ನಾಲ್ಕು ಅಡಿ ಎಂದೆ.

"ಫೋನ್ ಕೇಳಿದ್ದು ಸಾಕು ಮಗಳೇ. ಇನ್ನು ಫಿಲ್ಮನ್ನ ಕೇಳೋಣ. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಮಕ್ಕಳ ಡಾಕ್ಟರು ಏನೂ ಆಗುವುದಿಲ್ಲ ಅಂದರು. ನಂಬಿಕೆ ಬರಲಿಲ್ಲ.

ಮೇ 23

ಬಾಗಿಲಲ್ಲಿ ಒಂದು ಡಬ್ಬಿ. ಮೇಲೆ ಸೋಂಪಿನ ಬಿಸ್ಕತ್ತು, ಕೆಳಗೆ ಕಪ್ಪು ಕಾಗದದಲ್ಲಿ ಫಿಲ್ಮ್ ಸುತ್ತಿದ ಎರಡು ಪೊಟ್ಟಣ. ಅವರ ಅಕ್ಷರ: 'ಒಂದು, ಲೆನ್ಸಿನ ಅಡಿಯಲ್ಲೇ ಎರಡು ವಾರ. ಇನ್ನೊಂದು, ನಾಲ್ಕು ಅಡಿ ದೂರದಲ್ಲಿ ಎರಡು ವಾರ. ನೀನೇ ಡೆವಲಪರ್‌ನಲ್ಲಿ ತೊಳೆದು ನೋಡು.'

ಬಿಸ್ಕತ್ತು ತಿಂದೆ. ಪೊಟ್ಟಣ ಮುಟ್ಟಲು ಧೈರ್ಯವಿಲ್ಲ. ವಿಕಿರಣ ತಾಗಿದ ಫಿಲ್ಮ್ ಕಪ್ಪಾಗುತ್ತದೆ. ಎರಡೂ ಕಪ್ಪಾಗಿದ್ದರೆ?

ಮೇ 29, ಶುಕ್ರವಾರ

ಬ್ರೆಡ್ ಅಂಗಡಿಯ ಸಾಲಿನಲ್ಲಿ ಮಿಸೆಸ್ ಪೆಟ್ರಿಲ್ಲೊ ಸಿಕ್ಕರು. ತಲೆ ತಗ್ಗಿಸಿದೆ. ಅವರೇ ಬಂದು ವಿನ್ನಿಯ ಪಾದ ಹಿಡಿದು ಅಲ್ಲಾಡಿಸಿದರು.

"ಕಣ್ಣಿನ ಕೆಳಗೆ ಎರಡು ಕರಿ ಲೆನ್ಸ್ ಮುಚ್ಚಳ ಅಂಟಿಸ್ಕೊಂಡಿದೀಯಲ್ಲೇ. ತೊಳೆದ್ಯಾ?"

ಇಲ್ಲ ಎಂದೆ. ನಾಳೆ ಕೌಂಟಿ ಆಡಳಿತದವರು ಅಪಾಯದ ಕಸ ತೆಗೆದುಕೊಳ್ಳುವ ದಿನವಂತೆ. ಅವರ ಅಳಿಯ ಆಂಜೆಲೊ ಬೆಳಿಗ್ಗೆ ಆರಕ್ಕೆ ಬರುತ್ತಾನಂತೆ. ಹಳೇ ಪೇಂಟ್ ಡಬ್ಬಗಳ ಜೊತೆ ಆ ಲೆನ್ಸೂ ಹೋಗುತ್ತದಂತೆ.

"ಒಬ್ಬ ತಾಯಿ ನಿದ್ದೆ ಕೆಡಿಸೋ ಗಾಜು ನಂಗ್ಯಾಕೆ, ಹೇಳು."

ಮೇ 30, ಬೆಳಗಿನ ಜಾವ 1:50

ತೊಳೆದೆ. ಮೊದಲನೆಯದರಲ್ಲಿ ಲೆನ್ಸಿನಷ್ಟೇ ದುಂಡಗಿನ ಕಪ್ಪು ಮಚ್ಚೆ. ನಾಲ್ಕು ಅಡಿ ದೂರದ್ದು ತಿಳಿನೀರು. ಏನೂ ಇಲ್ಲ. ನಾಲ್ಕು ಸಲ ದೀಪಕ್ಕೆ ಹಿಡಿದೆ — ಏನೂ ಇಲ್ಲ.

ಆ ಹಳೇ ರೋಲನ್ನು ಪ್ರಿಂಟ್ ಹಾಕಿದೆ. ಲೈಲಾಕ್ ಗಿಡದ ಕೆಳಗೆ ವಿನ್ನಿ. ಕಪ್ಪು-ಬಿಳುಪಿನಲ್ಲಿ ಆಕಾಶ ಗಾಢ, ಮೋಡ ಆಗಷ್ಟೇ ಹಿಂಜಿದ ಉಣ್ಣೆ, ಕೆನ್ನೆ ಒಳಗಿನಿಂದಲೇ ಬೆಳಗಿದಂತೆ. ಹಳದಿ ಗಾಜು ಮಾಡಿದ ಕೆಲಸ. ಯಾವ ಹೊಸ ಲೆನ್ಸೂ ನನ್ನ ಮಗಳನ್ನು ಹೀಗೆ ಕಂಡಿಲ್ಲ. ಇಂಥದ್ದನ್ನು ಉಜ್ಜಿದ ಕೈಗೆ ನಾನು ಅಂಥ ಮಾತು ಅಂದೆ.

ಅವರಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಕಿವಿಯ ಮೆಷಿನ್ ತೆಗೆದಿಟ್ಟು ಮಲಗಿರುತ್ತಾರೆ. ಈ ಪುಟ ಹರಿದು, ವಿನ್ನಿಯನ್ನು ಎದೆಗೆ ಕಟ್ಟಿಕೊಂಡು ಹೋಗಿ ಅವರ ಬಾಗಿಲ ಸಂದಿಯಲ್ಲಿ ಹಾಕುತ್ತೇನೆ.

ಮಿಸೆಸ್ ಪೆಟ್ರಿಲ್ಲೊ, ನೀವು ನಾಲ್ಕಕ್ಕೇ ಕಾಫಿಗೆ ಏಳುವವರು. ನಾನಂದದ್ದು ತಪ್ಪು. ಲೆನ್ಸನ್ನು ಆಂಜೆಲೊ ಕೈಗೆ ಕೊಡಬೇಡಿ. ನನಗೂ ಕೊಡಬೇಡಿ, ನಿಮ್ಮಲ್ಲೇ ಇರಲಿ. ಆದರೆ ಫೋನ್ ಮಾಡಿ. ಬೈಯುವುದಕ್ಕಾದರೂ ಸರಿ, ಬೆಳಗಾಗುವ ಮುಂಚೆ ಒಂದೇ ಒಂದು ಸಲ, ದಯವಿಟ್ಟು —