ಹುಡುಕಿದರೆ ಸಿಗುವ ಹಾಗೆ ಮಾಡು

ನಾರಾಯಣಖೇಡ್
ಮಂಗಳವಾರ

ತಮ್ಮ ಮಿಲಿಂದನಿಗೆ ಅಕ್ಕನ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ತಾಂಡೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿನ್ನ ಭಾವನಿಗೆ ಹಾವು ಕಚ್ಚಿದಾಗ, "ಅಕ್ಕಾ, ಈ ಹಾವು ಹಿಡಿಯೋ ಧಂದಾ ಬಿಡಸು, ಇಲ್ಲಾಂದ್ರ ನನ್ನ ಕೂಡ ಮಾತಾಡಬ್ಯಾಡ" ಅಂದಿದ್ದೆ. ನಿನ್ನ ಸಿಟ್ಟು ನನಗೆ ತಿಳಿಯುತ್ತದೆ.

ಮೊನ್ನೆ ಕಂಗ್ಟಿಯಲ್ಲಿ ಸಾಯಪ್ಪ ಎಂಬ ಮುದುಕರ ಮನೆಯಲ್ಲಿ, ಜೋಳದ ಚೀಲಗಳ ಸಂದಿಯಲ್ಲಿ ನಾಗರಹಾವು ಸೇರಿಕೊಂಡಿತ್ತು. ಅವರ ಸೊಸೆ ಫೋನಿನಲ್ಲಿ ಹುಡುಕಿದಳಂತೆ. "ಹೈದರಾಬಾದಿನವರ ನಂಬರೇ ಬಂದ್ವರಿ, ನಿಮ್ದು ಬರಲೇ ಇಲ್ಲ" ಎಂದು ನನ್ನ ಮುಂದೆ ಅತ್ತಳು. ಅಷ್ಟು ದೂರದಿಂದ ಅವರು ಬರುವುದನ್ನು ಕಾದು ಸಾಕಾಗಿ ಮುದುಕರೇ ಕೋಲು ಹಿಡಿದು ಹೋಗಿ ಕಚ್ಚಿಸಿಕೊಂಡರು. ಜಹೀರಾಬಾದಿನ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಆ ಹೊತ್ತು ನಿನ್ನ ಭಾವ ಇಲ್ಲಿ ಮನೆಯಲ್ಲೇ ಖಾಲಿ ಕುಳಿತಿದ್ದರು. ಈಗ ಊಟ ಬಿಟ್ಟು, ಹಳ್ಳಿ ಹಳ್ಳಿಯ ಗೋಡೆಗಳ ಮೇಲೆ ಸುಣ್ಣದಲ್ಲಿ ನಂಬರ್ ಬರೆಯುತ್ತ ತಿರುಗುತ್ತಿದ್ದಾರೆ.

ನೀನು ಮಾಡಿಕೊಟ್ಟ ವೆಬ್‌ಸೈಟಿನಲ್ಲಿ 'ಸರ್ಪಮಿತ್ರ' ಎಂದಷ್ಟೇ ಇದೆ. ಊರಿನ ಹೆಸರಿಲ್ಲ, ನಂಬರು ಫೋಟೊದೊಳಗಿದೆ. ಹಾಗಿದ್ದರೆ ಹುಡುಕುವವರಿಗೆ ಸಿಗುವುದು ಕಷ್ಟವೆಂದು ಝೆರಾಕ್ಸ್ ಅಂಗಡಿಯವರು ಹೇಳಿದರು. ಪಾಸ್‌ವರ್ಡ್ ಇರುವುದು ನಿನ್ನ ಬಳಿ ಮಾತ್ರ. ಮೇಲಿನ ಸಾಲಿನಲ್ಲೇ "ಹಾವು ಹಿಡಿಯುವವರು, ನಾರಾಯಣಖೇಡ್, ಕಂಗ್ಟಿ" ಎಂದು ಜನ ಕೇಳುವ ಮಾತಿನಲ್ಲಿ ಬರೆ. ತೆಲುಗಿನಲ್ಲೂ ಬರೆ. ನಂಬರನ್ನು ಟೈಪ್ ಮಾಡು. ಮ್ಯಾಪಿನಲ್ಲಿ ನಮ್ಮ ಮನೆ ಸೇರಿಸು.

ಭಾವನ ಹೆಸರು ಹಾಕಲು ಮನಸ್ಸಿಲ್ಲದಿದ್ದರೆ ಬಿಡು. ಕರೆ ಬಂದು ಅವರು ಹೊರಟಾಗಲೆಲ್ಲ, ತಿರುಗಿ ಬರುವತನಕ ನಾನು ಜೀವ ಕೈಯಲ್ಲಿ ಹಿಡಿದು ಕೂರುತ್ತೇನೆ. ಆದರೂ ನಂಬರನ್ನು ಇವತ್ತೇ ಹಾಕು, ತಮ್ಮಾ.

ನಿನ್ನ ಅಕ್ಕ,
ಗೌತಮಿ