ಇಂದೂಬಾಯಿಯ ಧನ್ಯವಾದ

ಉಜ್ವಲಾ,

ನೀ ಇದನ್ನ ಓದೂದಿಲ್ಲ ಅಂತ ಗೊತ್ತದ, ಅದಕ್ಕ ಬರ್ಯಾಕತ್ತೇನಿ. ನನ್ನ ಮನಿ ಬಿಟ್ಟು ತವರಿಗೆ, ಧಾರವಾಡಕ್ಕ ಹೋದಮ್ಯಾಲೆ ನೀ ನನ್ನ ಫೋನೂ ಎತ್ತಲಿಲ್ಲ.

ಇಲ್ಲಿ ವಾಕಡದಾಗಿನ ನಮ್ಮ ಆಫೀಸಿನಾಗ ಹೊಸಾ ಹುಚ್ಚಾಟ ಸುರು ಆಗೇದ. ಶುಕ್ರವಾರ ಸಂಜೀಕ ಎಲ್ಲಾರೂ ಸುತ್ತಲೂ ನಿಂತು, ಆ ವಾರ ಖುಷಿ ಕೊಟ್ಟ ಒಂದು ಸಣ್ಣ ಸಂಗತಿಗೆ ಧನ್ಯವಾದ ಹೇಳಬೇಕು.

ಇವತ್ತ ಮಧ್ಯಾಹ್ನ, ಚಹಾ ತರೋ ಇಂದೂಬಾಯಿ ಇಡೀ ಕಪ್ಪು ನನ್ನ ಲ್ಯಾಪ್‌ಟಾಪಿನ ಮ್ಯಾಲೆ ಚೆಲ್ಲಿದ್ಲು. ಮುಂಜಾನಿಂದ ಮಾಡಿದ ಕೆಲಸ ನುಂಗಿಕೊಂಡು ಸ್ಕ್ರೀನ್ ಕಪ್ಪಾತು. ಕೇಬಿನ್ನಿನಾಗ ನಾವಿಬ್ಬರೇ ಇದ್ವಿ. ನನ್ನ ತಲಿ ಕೆಟ್ಟಿತು. ಕುರ್ಚಿ ಒದ್ದೆ, ಚಹಾದ ಕಪ್ಪು ಗ್ವಾಡಿಗೆ ಒಗದು ಪುಡಿ ಮಾಡಿದೆ, ಅಕಿ ಮ್ಯಾಲೆ ಕೈ ಎತ್ತಿದೆ. ಅಕಿ ಎರಡೂ ಮೊಣಕೈಯೊಳಗ ಮುಖ ಮುಚ್ಚಿಕೊಂಡು, ಮೂಲಿಗೆ ಮುದುಡಿ ನಿಂತ್ಲು. ಥೇಟ್ ನಿನ್ನಂಗ. ಅಕಿಗೆ ಅದನ್ನ ಯಾರು ಕಲಿಸಿದ್ರೋ! ನನ್ನ ಕೈ ಅಲ್ಲೇ ಗಾಳಿಯೊಳಗ ನಿಂತು ಬಿಟ್ತು.

ಸಂಜೀಕ ಪ್ರಾಚಿ ಅನ್ನೋ ಹುಡುಗಿ ತನ್ನ ಟೇಬಲ್ ಮ್ಯಾಲಿನ ಗಿಡ ಹೂ ಬಿಟ್ಟದ್ದಕ್ಕ ಧನ್ಯವಾದ ಹೇಳಿದ್ಲು. ವಿನೀತ ಅನ್ನಾಂವ ಬಸ್ಸಿನಾಗ ಕಿಟಕಿ ಸೀಟು ಸಿಕ್ಕದ್ದಕ್ಕ. ಚಹಾ ಹಂಚಾಕ ಬಂದ ಇಂದೂಬಾಯಿನ್ನೂ ಯಾರೋ ಕೇಳಿದ್ರು. ಅಕಿ ಖಾಲಿ ಟ್ರೇ ಎದಿಗೆ ಅವಚಿಕೊಂಡು, ನಾಚಿಕೊಂಡು, ಮರಾಠಿಯೊಳಗ ಅಂದ್ಲು:

"ಇವತ್ತ ಸಾಹೇಬರು ಹೊಡೀಲಿಲ್ಲ. ಅದಕ್ಕ."

ಎಲ್ಲಾರೂ ನನ್ನ ಕಡೆ ತಿರುಗಿದ್ರು. ಅಕಿ ಮಾತ್ರ ಖರೇನ ಖುಷಿಯಿಂದ ನಗಾಕತ್ತಿದ್ಲು.

ನನ್ನ ಪಾಳಿ ಬಂತು. ನಿನ್ನ ಹೆಸರು ನಾಲಿಗಿ ತುದೀತನಕ ಬಂದಿತ್ತು, ಉಜ್ವಲಾ.

"ಚಹಾ ಭಾಳ ಚಲೋ ಆಗೇದ," ಅಂದೆ.